ಹುರ್ಗಾದಾ ಕಡಲು, ಒಂದೇ ದಿನದಲ್ಲಿ ಲಕ್ಸರ್: ಈ ಪ್ಯಾಕೇಜ್ ತಗೋಬಹುದಾ?

ಈಜಿಪ್ಟ್‌ನ ಕೆಂಪು ಸಮುದ್ರದ ದಡದ ಹುರ್ಗಾದಾದಲ್ಲಿ ಏಳು ರಾತ್ರಿ ರಿಸಾರ್ಟ್ ವಾಸ, ಊಟ-ತಿಂಡಿ-ಪಾನೀಯ ಎಲ್ಲ ಸೇರಿ. ಜೊತೆಗೆ ಒಂದು ದಿನ ನೈಲ್ ದಂಡೆಯ ಹಳೆಯ ದೇವಾಲಯ, ಸಮಾಧಿಗಳ ಊರು ಲಕ್ಸರ್, ಒಂದು ದಿನ ದ್ವೀಪಕ್ಕೆ ದೋಣಿ. ಜರ್ಮನಿ, ಇಂಗ್ಲೆಂಡ್ ಕಡೆ ಇರುವ ಕನ್ನಡಿಗರಿಗೆ ಚಳಿ ಶುರುವಾಗುತ್ತಿದ್ದಂತೆ ಕಣ್ಣಿಗೆ ಬೀಳುವ ಜಾಹೀರಾತು ಇದು. ಬೆಂಗಳೂರಿನ ಏಜೆಂಟರು ಇದಕ್ಕೇ ಕೈರೋ ಸೇರಿಸಿ ಮಾರುತ್ತಾರೆ. ಮಾರುವವರ ಹೆಸರು ಬೇರೆ ಬೇರೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಇಲ್ಲಿ ಯಾವ ಕಂಪನಿಯ ಹೆಸರನ್ನೂ ಎತ್ತುತ್ತಿಲ್ಲ, ಸರಕನ್ನಷ್ಟೇ ನೋಡೋಣ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಹೋಟೆಲನ್ನು ನೋಡಿ ಆರಿಸಿದರೆ ಕಡಲಿನ ಭಾಗಕ್ಕೆ ಕೊಟ್ಟ ಹಣ ದಂಡವಲ್ಲ. ಒಂದೇ ದಿನದ ಲಕ್ಸರ್ ಮಾತ್ರ ಬೇಡ. ಅದನ್ನು ಪ್ಯಾಕೇಜ್‌ನಿಂದ ತೆಗೆಸಿ, ಬೇರೆಯಾಗಿ ಎರಡು ರಾತ್ರಿ ಇಟ್ಟುಕೊಳ್ಳಿ.

ಯಾಕೆ ಅಂದರೆ ಗಡಿಯಾರ ನೋಡಿ. ಹುರ್ಗಾದಾದಿಂದ ಲಕ್ಸರ್ ಸುಮಾರು 300 ಕಿ.ಮೀ. ದಾರಿ ಕರಾವಳಿ ಹಿಡಿದು ದಕ್ಷಿಣಕ್ಕೆ ಸಫಾಗಾ ತನಕ ಹೋಗುತ್ತದೆ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಬೋಳು ಬೆಟ್ಟಗಳ ನಡುವೆ ಮರುಭೂಮಿ ದಾಟಿ ಕೇನಾ ಹತ್ತಿರ ನೈಲ್ ಬಯಲಿಗೆ ಇಳಿಯುತ್ತದೆ. ಬಸ್ಸಿಗೆ ನಾಲ್ಕು ಗಂಟೆ ಬೇಕು. ಮಧ್ಯೆ ಒಂದು ಕಡೆ ಶೌಚಾಲಯ, ಟೀ ಅಂತ ಅರ್ಧ ಗಂಟೆ. ಹೊರಡುವ ಮೊದಲು ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ಹತ್ತಿಸಿಕೊಳ್ಳುವುದಕ್ಕೆ ಇನ್ನೊಂದು ಗಂಟೆ ಹೋದರೂ ಹೋಯಿತು. ಬೆಳಗಿನ ಜಾವ ನಾಲ್ಕೂವರೆಗೆ ಹತ್ತಿದವರು ಕಾರ್ನಾಕ್ ದೇವಾಲಯದ ಬಾಗಿಲಿಗೆ ಬರುವಾಗ ಒಂಬತ್ತೂವರೆ ದಾಟಿರುತ್ತದೆ. ವಾಪಸ್ ಹೋಟೆಲ್ ಸೇರುವುದು ರಾತ್ರಿ ಒಂಬತ್ತು, ಹತ್ತಕ್ಕೆ. ಹದಿನೇಳು ಗಂಟೆಯ ದಿನದಲ್ಲಿ ಒಂಬತ್ತು ಗಂಟೆ ಬಸ್ಸಿನ ಸೀಟಿನಲ್ಲಿ, ಒಂದು ಗಂಟೆ ಬಫೆ ಊಟಕ್ಕೆ, ಒಂದು ಗಂಟೆಗೂ ಮೀರಿ ಅಂಗಡಿಗಳಲ್ಲಿ, ಮತ್ತಷ್ಟು ನದಿ ದಾಟಿ ಊರೊಳಗೆ ಓಡಾಡುವುದರಲ್ಲಿ. ಉಳಿದ ನಾಲ್ಕೈದು ಗಂಟೆಯಲ್ಲಿ ಕಾರ್ನಾಕ್, ಫರೋ ದೊರೆಗಳ ಸಮಾಧಿಗಳಿರುವ ರಾಜರ ಕಣಿವೆ, ರಾಣಿ ಹ್ಯಾಟ್‌ಶೆಪ್ಸುಟ್ ದೇವಾಲಯ, ಮೆಮ್ನಾನ್ ಪ್ರತಿಮೆಗಳು ಎಲ್ಲ ಮುಗಿಯಬೇಕು.

ಕಾರ್ನಾಕ್‌ನ ಕಂಬಗಳ ಮಂಟಪವನ್ನೇ ತಗೊಳ್ಳಿ. 134 ಕಂಬ. ನಡುವಿನ ಎರಡು ಸಾಲಿನ ಹನ್ನೆರಡು ಕಂಬ ಸುಮಾರು 21 ಮೀಟರ್ ಎತ್ತರ, ಅಕ್ಕಪಕ್ಕದವು ಅವಕ್ಕಿಂತ ಗಿಡ್ಡ. ಈ ಎತ್ತರದ ವ್ಯತ್ಯಾಸದ ಜಾಗದಲ್ಲಿ ಕಲ್ಲಿನ ಜಾಲಂಧ್ರಗಳಿದ್ದವು, ಬೆಳಕು ಅಲ್ಲಿಂದ ಒಳಗೆ ಬೀಳುತ್ತಿತ್ತು. ಒಂದೆರಡು ಈಗಲೂ ಉಳಿದಿವೆ. ತಲೆ ಎತ್ತಿ ತೊಲೆಗಳ ಅಡಿಭಾಗ ನೋಡಿದರೆ ಮೂರು ಸಾವಿರ ವರ್ಷ ದಾಟಿದ ಬಣ್ಣ ಕಾಣುತ್ತದೆ. ಇದಕ್ಕೆಲ್ಲ ಪುರುಸೊತ್ತು ಬೇಕು. ಬಸ್ ಟೂರಿನಲ್ಲಿ ಗೈಡ್ ನೆರಳಿನಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ವಿವರಿಸಿ, ಆಮೇಲೆ ‘ಇಪ್ಪತ್ತು ನಿಮಿಷ ನಿಮ್ಮದು’ ಅನ್ನುತ್ತಾರೆ. ಆ ಇಪ್ಪತ್ತು ನಿಮಿಷದಲ್ಲಿ ಜನ ಫೋಟೊ ಮುಗಿಸಿ ಶೌಚಾಲಯದ ಸಾಲಿನಲ್ಲಿ ನಿಂತಿರುತ್ತಾರೆ.

ಊಟದ ಮೇಲೆ ರಾಜರ ಕಣಿವೆ. ಸುತ್ತ ಸುಣ್ಣಕಲ್ಲಿನ ಗುಡ್ಡ, ಒಂದು ಮರವಿಲ್ಲ, ಮಧ್ಯಾಹ್ನ ಒಂದೂವರೆಯ ಬಿಸಿಲು. ಲಕ್ಸರ್‌ನಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ತನಕ 40 ಡಿಗ್ರಿ ಮಾಮೂಲು. ಆ ತಿಂಗಳುಗಳಲ್ಲಿ ವಯಸ್ಸಾದವರನ್ನೋ ಚಿಕ್ಕ ಮಕ್ಕಳನ್ನೋ ಈ ಒಂದು ದಿನದ ಟೂರಿಗೆ ಕರೆದೊಯ್ಯುವುದು ಬೇಡವೇ ಬೇಡ. ಕಣಿವೆಯ ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ. ಆಗ ತಂಪು ಇರುತ್ತದೆ, ಜನವೂ ಕಡಿಮೆ. ಹುರ್ಗಾದಾದ ಬಸ್ಸಿಗೆ ಆ ಹೊತ್ತು ಸಿಗುವುದು ಸಾಧ್ಯವೇ ಇಲ್ಲ.

ಟಿಕೆಟ್ ವಿಷಯದಲ್ಲೂ ಕಣ್ಣಿಡಿ. ಕಣಿವೆಯ ಸಾಮಾನ್ಯ ಟಿಕೆಟ್‌ನಲ್ಲಿ ಆ ದಿನ ತೆರೆದಿರುವ ಸಮಾಧಿಗಳಲ್ಲಿ ಮೂರನ್ನು ನೋಡಬಹುದು. ಟುಟಾಂಖಾಮನ್, ಒಂದನೇ ಸೆಟಿ, 5 ಮತ್ತು 6ನೇ ರಾಮ್ಸೆಸ್ ಸಮಾಧಿಗಳಿಗೆ ಬೇರೆ ಟಿಕೆಟ್. 2025ರ ದರದಲ್ಲಿ ಕಣಿವೆಗೆ 750 ಈಜಿಪ್ಟ್ ಪೌಂಡ್, ಕಾರ್ನಾಕ್‌ಗೆ 600, ಲಕ್ಸರ್ ದೇವಾಲಯಕ್ಕೆ 500, ಹ್ಯಾಟ್‌ಶೆಪ್ಸುಟ್‌ಗೆ 440. ನಾಲ್ಕೂ ಸೇರಿ 2,290 ಪೌಂಡ್, ಅಂದರೆ ಐವತ್ತು ಡಾಲರಿನ ಒಳಗೆ. ದರ ಆಗಾಗ ಏರುತ್ತದೆ, ಹೋಗುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ಇದು ವಿದೇಶಿಯರ ದರ, ಹಂಪಿಯಲ್ಲಿ ಹೊರದೇಶದವರಿಗೆ ನಾವು ಬೇರೆ ದರ ಹಾಕುತ್ತೇವಲ್ಲ, ಅದೇ ಏರ್ಪಾಡು. ವಿದ್ಯಾರ್ಥಿ ಕಾರ್ಡ್ ಇದ್ದರೆ ಅರ್ಧ. ದೊಡ್ಡ ಸ್ಥಳಗಳ ಕೌಂಟರಿನಲ್ಲಿ ನಗದು ತಗೊಳ್ಳುವುದಿಲ್ಲ, ಕಾರ್ಡ್ ಮಾತ್ರ. ಬ್ಯಾಂಕ್ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡದೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪ್ಯಾಕೇಜಿನಲ್ಲಿ ‘ಪ್ರವೇಶ ಶುಲ್ಕ ಸೇರಿ’ ಎಂದಿದ್ದರೂ ಯಾವ ಯಾವ ಜಾಗದ್ದು ಎಂದು ಬರೆಸಿಕೊಳ್ಳಿ. ನೈಲ್ ದೋಣಿ, ಬಾಳೆತೋಟದ ದ್ವೀಪ, ಟುಟಾಂಖಾಮನ್ ಇವೆಲ್ಲ ಬಸ್ಸಿನಲ್ಲಿ ಕೂತ ಮೇಲೆ ಒಂದೊಂದಾಗಿ ಮೈಕಿನಲ್ಲಿ ಬರುತ್ತವೆ.

ಟುಟಾಂಖಾಮನ್ ಹೆಸರಿಗೆ ಮರುಳಾಗಬೇಡಿ. 1922ರ ನವೆಂಬರ್‌ನಲ್ಲಿ ಹೊವಾರ್ಡ್ ಕಾರ್ಟರ್ ಪತ್ತೆ ಮಾಡಿದ ಆ ಸಮಾಧಿ ಬಹಳ ಚಿಕ್ಕದು, ಚಿತ್ರಗಳಿರುವುದು ಒಂದೇ ಕೋಣೆಯಲ್ಲಿ. ರಾಜನ ದೇಹ ಅಲ್ಲೇ ಇದೆ, ಆದರೆ ಒಡವೆ, ಮುಖವಾಡ ಎಲ್ಲ ಕೈರೋ ಪಕ್ಕದ ಗೀಜಾದ ಹೊಸ ವಸ್ತುಸಂಗ್ರಹಾಲಯಕ್ಕೆ ಹೋಗಿವೆ. ಅದೇ ಹಣದ ಒಂದು ಭಾಗದಲ್ಲಿ 6ನೇ ರಾಮ್ಸೆಸ್ ಸಮಾಧಿ ನೋಡಬಹುದು. ಚಾವಣಿಯ ಉದ್ದಕ್ಕೂ ಆಕಾಶದೇವತೆ ನುಟ್, ಸೂರ್ಯನನ್ನು ಸಂಜೆ ನುಂಗಿ ಬೆಳಿಗ್ಗೆ ಹೆರುವ ಚಿತ್ರ. ಹಳದಿ, ನೀಲಿ ಇನ್ನೂ ಹಾಗೇ ಇದೆ. ಸಾಮಾನ್ಯ ಟಿಕೆಟಿನ ಮೂರರಲ್ಲಿ 3ನೇ ರಾಮ್ಸೆಸ್, 4ನೇ ರಾಮ್ಸೆಸ್ ತೆರೆದಿದ್ದರೆ ಬಿಡಬೇಡಿ. 4ನೆಯವನದು ಅಗಲ, ಇಳಿಜಾರು ಸುಲಭ, ಮೊಣಕಾಲು ನೋವಿನವರಿಗೂ ಆಗುತ್ತದೆ. 3ನೇ ಥಟ್‌ಮೋಸ್‌ನದು ಅದಕ್ಕೆ ತದ್ವಿರುದ್ಧ: ಹೊರಗೆ ಕಬ್ಬಿಣದ ಮೆಟ್ಟಿಲು ಹತ್ತಿ ಬಂಡೆಯ ಸಂದಿಗೆ ಹೋಗಬೇಕು, ಒಳಗೆ ಮತ್ತೆ ಕಡಿದಾಗಿ ಇಳಿಯಬೇಕು, ಗಾಳಿ ಕಡಿಮೆ. ಗೈಡ್‌ಗಳು ಸಮಾಧಿಯೊಳಗೆ ವಿವರಣೆ ಕೊಡುವಂತಿಲ್ಲ, ಆದ್ದರಿಂದ ಹೊರಗೇ ಕೇಳಿಕೊಂಡು ಹೋಗಿ. ಮೊಬೈಲ್‌ನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬಹುದು. ಒಳಗಿನ ಕಾವಲುಗಾರ ಕೈಬೀಸಿ ‘ಇಲ್ಲಿ ಬನ್ನಿ’ ಎಂದು ಮೂಲೆಗೆ ಕರೆದರೆ ಅದು ಭಕ್ಷೀಸಿಗೆ. ಬೇಡವಾದರೆ ನಗುತ್ತಾ ‘ಲಾ, ಶುಕ್ರನ್’ (ಬೇಡ, ಧನ್ಯವಾದ) ಎಂದು ಮುಂದೆ ಹೋದರಾಯಿತು.

ಅಂಗಡಿಗಳ ಮಾತು. ಪಪೈರಸ್ ಎಂಬ ಹಳೇ ಕಾಲದ ಜೊಂಡಿನ ಕಾಗದ, ಅಲಬಾಸ್ಟರ್ ಕಲ್ಲಿನ ಸಾಮಾನು, ಈ ಎರಡೂ ಅಂಗಡಿ ಪ್ಯಾಕೇಜಿನ ಖಾಯಂ ನಿಲ್ದಾಣ. ಪಪೈರಸ್ ಮಾಡಿ ತೋರಿಸುವುದು ಚೆನ್ನಾಗಿಯೇ ಇರುತ್ತದೆ: ಮೂರು ಮೂಲೆಯ ದಂಟಿನ ಹಸಿರು ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ಉದ್ದುದ್ದ ಸೀಳಿ, ಜಜ್ಜಿ, ನೀರಲ್ಲಿ ನೆನೆಹಾಕಿ, ಒಂದರ ಮೇಲೊಂದು ಅಡ್ಡ-ಉದ್ದ ಜೋಡಿಸಿ ಒತ್ತಿಡುತ್ತಾರೆ. ಅಂಟು ಬೇಕಿಲ್ಲ, ತಿರುಳಿನ ರಸವೇ ಸಾಕು. ಬೀದಿಯಲ್ಲಿ ‘ಹತ್ತಕ್ಕೆ ಒಂದು ಡಾಲರ್’ ಎನ್ನುವವು ಬಾಳೆನಾರಿನ ನಕಲು, ಸುರುಳಿ ಸುತ್ತಿದರೆ ಬಿರುಕು ಬಿಡುತ್ತದೆ. ಅಸಲಿಯನ್ನು ಬೆಳಕಿಗೆ ಹಿಡಿದರೆ ಅಡ್ಡ-ಉದ್ದ ನಾರುಗಳ ಚೌಕಳಿ ಕಾಣುತ್ತದೆ. ಅಂಗಡಿಯಲ್ಲಿ ಸಿಗುವುದು ಅಸಲಿಯೇ ಇರಬಹುದು, ಆದರೆ ಬೆಲೆಯೊಳಗೆ ನಿಮ್ಮನ್ನು ಕರೆತಂದವರ ಕಮಿಷನ್ ಕೂತಿರುತ್ತದೆ. ಕೊಳ್ಳಲೇಬೇಕೆಂಬ ಕಟ್ಟುಪಾಡು ಇಲ್ಲ. ‘ಅಂಗಡಿ ನಿಲುಗಡೆ ಇಲ್ಲ’ ಎಂದು ಬುಕ್ಕಿಂಗ್‌ನಲ್ಲೇ ಬರೆಸಿಕೊಂಡರೆ ಒಂದು ಗಂಟೆಗೂ ಮೀರಿ ಉಳಿಯಿತು.

ನಮ್ಮ ಸಲಹೆ ಇದು. ಕೈರೋದಿಂದ ವಿಮಾನದಲ್ಲೋ ರಾತ್ರಿ ರೈಲಿನಲ್ಲೋ ಮೊದಲು ಲಕ್ಸರ್ ಸೇರಿ. ಯೂರೋಪಿನಿಂದ ನೇರ ಹುರ್ಗಾದಾಕ್ಕೇ ಇಳಿಯುವವರು ಮಾರನೆಯ ದಿನವೇ ಲಕ್ಸರ್ ಕಡೆ ಹೊರಟುಬಿಡಿ. ಹೋದ ದಿನ ಸಂಜೆ ಲಕ್ಸರ್ ದೇವಾಲಯ. ಒಂದು ದಿನದ ಟೂರುಗಳು ಸಾಮಾನ್ಯವಾಗಿ ಕೈಬಿಡುವ ಜಾಗ ಇದು, ದೀಪ ಹಚ್ಚಿದ ಮೇಲೆಯೇ ಇದರ ಸೊಗಸು. ಇಲ್ಲಿಂದ ಕಾರ್ನಾಕ್ ತನಕ ಸಿಂಹದ ಮೈಯ ಸ್ಫಿಂಕ್ಸ್ ಪ್ರತಿಮೆಗಳ ಸಾಲುದಾರಿಯನ್ನು 2021ರ ನವೆಂಬರ್‌ನಲ್ಲಿ ಮತ್ತೆ ತೆರೆದಿದ್ದಾರೆ. ಮಾರನೆಯ ದಿನ ಆರಕ್ಕೆ ರಾಜರ ಕಣಿವೆ, ಒಂಬತ್ತಕ್ಕೆ ಹ್ಯಾಟ್‌ಶೆಪ್ಸುಟ್, ಹತ್ತೂವರೆಗೆ ಮೆದಿನೆತ್ ಹಬು. ಈ ಕೊನೆಯದು 3ನೇ ರಾಮ್ಸೆಸ್ ಕಟ್ಟಿಸಿದ ದೇವಾಲಯ. ಬಸ್ಸಿನವರು ಇತ್ತ ಸುಳಿಯುವುದೇ ಅಪರೂಪ, ಆದರೆ ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಒಂದೇ ದೇವಾಲಯ ನೋಡಬೇಕೆಂದರೆ ಹ್ಯಾಟ್‌ಶೆಪ್ಸುಟ್ ಬಿಟ್ಟು ಇದನ್ನೇ ನೋಡಿ ಎನ್ನುತ್ತೇವೆ. ಮಧ್ಯಾಹ್ನ ಮಲಗಿ. ಮೂರನೆಯ ದಿನ ಬಾಗಿಲು ತೆರೆಯುತ್ತಲೇ ಕಾರ್ನಾಕ್, ಹತ್ತೂವರೆಗೆ ಕಾರು ಹತ್ತಿದರೆ ಹುರ್ಗಾದಾದ ಹೋಟೆಲ್‌ನಲ್ಲಿ ರೂಮು ಕೊಡುವ ಎರಡು-ಮೂರು ಗಂಟೆಯ ಹೊತ್ತಿಗೆ ಸರಿಯಾಗಿ ತಲುಪುತ್ತೀರಿ. ಹುರ್ಗಾದಾಕ್ಕೆ ರೈಲಿಲ್ಲ. ಬಸ್ಸು ಅಗ್ಗ, ಇಡೀ ಕಾರು ಮಾಡಿಕೊಂಡರೆ ನಾಲ್ಕು ಜನಕ್ಕೆ ಹಂಚಿ ಹೊರೆಯಾಗುವುದಿಲ್ಲ. ದಾರಿಯಲ್ಲಿ ಪೊಲೀಸ್ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಡಿಕ್ಕಿಯ ಸೂಟ್‌ಕೇಸಿನಲ್ಲಿ ಬೇಡ, ಕೈಯಲ್ಲಿರಲಿ. ಪ್ಯಾಕೇಜಿನ ಏಳು ರಾತ್ರಿಯಲ್ಲಿ ಎರಡು ರಾತ್ರಿ ರೂಮು ಖಾಲಿ ಬಿದ್ದರೂ ಪರವಾಗಿಲ್ಲ. ಇನ್ನೂ ಒಳ್ಳೆಯದು, ಐದೇ ರಾತ್ರಿಯ ದರ ಕೇಳುವುದು.

ಬಿಸಿಗಾಳಿ ಬಲೂನು? ಬೆಳಗಿನ ಜಾವ ಪಶ್ಚಿಮ ದಂಡೆಯಿಂದ ಏಳುತ್ತವೆ, ನೋಟ ಅದ್ಭುತ. 2013ರ ಫೆಬ್ರವರಿಯಲ್ಲಿ ಇಲ್ಲೇ ಬಲೂನು ಹೊತ್ತಿ 19 ಜನ ಸತ್ತರು ಎಂಬುದನ್ನು ತಿಳಿದೇ ತೀರ್ಮಾನಿಸಿ. ಗಾಳಿ ಇದ್ದರೆ ರದ್ದು ಮಾಡುತ್ತಾರೆ, ಹಾಗಾಗಿ ಅದೇ ಬೆಳಿಗ್ಗೆ ಬೇರೇನನ್ನೂ ಗಟ್ಟಿಯಾಗಿ ಬುಕ್ ಮಾಡಬೇಡಿ.

ಹುರ್ಗಾದಾದಿಂದ ಒಂದು ದಿನದ ಕೈರೋ ಟೂರ್ ಇನ್ನೂ ಕಷ್ಟ: ಒಂದು ಕಡೆಗೇ ಸುಮಾರು 450 ಕಿ.ಮೀ., ರಾತ್ರಿ ಒಂದು-ಎರಡಕ್ಕೆ ಹೊರಡಬೇಕು. ಹೋಗಲೇಬೇಕಿದ್ದರೆ ವಿಮಾನ, ಹಾರಾಟ ಒಂದೇ ಗಂಟೆ. 2025ರ ನವೆಂಬರ್‌ನಲ್ಲಿ ಪೂರ್ತಿಯಾಗಿ ತೆರೆದ ಗೀಜಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂಗೆ ಒಂದು ಇಡೀ ದಿನ ಬೇಕು. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತಗೊಳ್ಳಿ.

ಈಗ ಕಡಲು. ಹುರ್ಗಾದಾ ಎಂದು ಮಾರುವುದು ಒಂದು ಊರನ್ನಲ್ಲ, ಹತ್ತಾರು ಕಿಲೋಮೀಟರಿನ ದಡವನ್ನು. ಉತ್ತರಕ್ಕೆ 25 ಕಿ.ಮೀ. ದೂರದಲ್ಲಿ ಎಲ್ ಗೂನಾ. ದಕ್ಷಿಣಕ್ಕೆ ಸಹ್ಲ್ ಹಶೀಶ್, ಮಕಾದಿ, ಸೋಮಾ ಬೇ. ಊರೊಳಗಿನ ಹೋಟೆಲ್‌ಗಳಿಗೆ ಅಂಗಡಿ, ಹೊರಗಿನ ಊಟ ಹತ್ತಿರ, ಆದರೆ ಹೆಚ್ಚಿನ ಕಡೆ ನೀರು ಆಳವಿಲ್ಲದ ಮರಳು ಕೊಲ್ಲಿ, ಹವಳ ಇಲ್ಲ. ಮೀನು-ಹವಳ ನೋಡಬೇಕಿದ್ದರೆ ಮಕಾದಿ, ಸಹ್ಲ್ ಹಶೀಶ್, ಸೋಮಾ ಬೇ ಕಡೆ ಸ್ವಂತ ಹವಳದಿಬ್ಬ ಇರುವ ಹೋಟೆಲ್ ಆರಿಸಿ. ಫೋಟೊ ನಂಬಬೇಡಿ, ಉಪಗ್ರಹ ನಕ್ಷೆ ತೆರೆದು ನೋಡಿ: ದಡದಿಂದ ಉದ್ದಕ್ಕೆ ಚಾಚಿದ ಮರದ ಜೆಟ್ಟಿ, ಅದರ ತುದಿಯಲ್ಲಿ ಕಂದು ಅಂಚು, ಅದರಾಚೆ ಕಡುನೀಲಿ ಕಂಡರೆ ಅಲ್ಲಿ ಹವಳವಿದೆ. ಬರೀ ತಿಳಿ ಹಸಿರು ಹಾಸಿದಂತಿದ್ದರೆ ಇಳಿತದ ಹೊತ್ತಲ್ಲಿ ನೂರು ಮೀಟರ್ ನಡೆದರೂ ನೀರು ಮೊಣಕಾಲು ದಾಟದು. ಚಿಕ್ಕ ಮಕ್ಕಳಿದ್ದರೆ ಅದೇ ಒಳ್ಳೆಯದು ಕೂಡ. ‘ಸೈಡ್ ಸೀ ವ್ಯೂ’ ಎಂದರೆ ಬಾಲ್ಕನಿಯಲ್ಲಿ ಕತ್ತು ತಿರುಗಿಸಿದರೆ ಕಡಲು ಕಾಣುತ್ತದೆ ಎಂದಷ್ಟೇ.

ಜೆಟ್ಟಿಯ ತುದಿಯಿಂದ ಇಳಿದರೆ ನೇರ ಆಳ. ಈಜು ಬಾರದವರು ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಬೇಕು. ನೀರಿನೊಳಗೆ ನೋಡುವ ಮಾಸ್ಕ್ ಆರಿಸುವ ಕ್ರಮ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ, ಕೈ ಬಿಟ್ಟರೂ ಬೀಳದಿದ್ದರೆ ಸರಿ. ಮೀಸೆ ಇದ್ದವರಿಗೆ ಮೂಗಿನ ಕೆಳಗೆ ನೀರು ಸೋರುತ್ತದೆ, ಅಲ್ಲಿ ತುಸು ವ್ಯಾಸಲೀನ್ ಹಚ್ಚಿ. ಕಾಲಿಗೆ ದಪ್ಪ ಅಡಿಯ ರಬ್ಬರ್ ಶೂ ಬೇಕೇ ಬೇಕು, ಮುಳ್ಳು ಚೆಂಡಿನಂಥ ಕಡಲಜೀವಿ, ಕಲ್ಲಿನ ಬಣ್ಣದಲ್ಲೇ ಇರುವ ವಿಷದ ಮೀನು ಎರಡೂ ಇವೆ. ಶೂ ಇದೆಯೆಂದು ಹವಳದ ಮೇಲೆ ನಿಲ್ಲಬಾರದು. ಹವಳದ ಚೂರು, ಚಿಪ್ಪು ಮನೆಗೆ ತರುವುದು ಅಪರಾಧ, ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತೀರಿ. ಡ್ರೋನ್‌ಗೂ ಅನುಮತಿಯಿಲ್ಲದೆ ಪ್ರವೇಶವಿಲ್ಲ.

ಬಟ್ಟೆಯ ಪ್ರಶ್ನೆ ನಮ್ಮವರಿಗೆ ಬರುತ್ತದೆ. ಈಜುಕೊಳಗಳಲ್ಲಿ ಚೂಡಿದಾರ, ಹತ್ತಿ ಟಿ-ಶರ್ಟ್, ಬರ್ಮುಡಾ ಬಿಡುವುದಿಲ್ಲ. ಮೈತುಂಬ ಮುಚ್ಚುವ ಈಜುಡುಪು ಬಹಳ ಕಡೆ ನಡೆಯುತ್ತದೆ, ಬಟ್ಟೆ ಮಾತ್ರ ಈಜುಡುಪಿನದೇ ಇರಬೇಕು. ಉದ್ದ ತೋಳಿನ ಈಜು ಅಂಗಿ ಬಿಸಿಲಿಗೂ ಒಳ್ಳೆಯದು, ಬೋರಲಾಗಿ ತೇಲುತ್ತಾ ಮೀನು ನೋಡುವವರ ಬೆನ್ನು ಅರ್ಧ ಗಂಟೆಯಲ್ಲಿ ಸುಡುತ್ತದೆ.

ನೀರು ಫೆಬ್ರವರಿಯಲ್ಲಿ 21-22 ಡಿಗ್ರಿ, ಆಗಸ್ಟ್‌ನಲ್ಲಿ 28-29. ಜನವರಿಯಲ್ಲಿ ಹಗಲು ಬೆಚ್ಚಗಿದ್ದರೂ ಉತ್ತರದ ಗಾಳಿಯಲ್ಲಿ ಒದ್ದೆ ಮೈ ನಡುಗುತ್ತದೆ. ಬಿಸಿನೀರಿನ ಕೊಳ ಇದೆಯೇ ಎಂದು ಕೇಳಿ. ಅಕ್ಟೋಬರ್, ನವೆಂಬರ್ ಎರಡಕ್ಕೂ ಹೇಳಿಮಾಡಿಸಿದ ತಿಂಗಳು: ಸಮುದ್ರ ಇನ್ನೂ ಬೆಚ್ಚಗೆ, ಲಕ್ಸರ್‌ನ ಬೇಗೆ ಆಗಲೇ ಇಳಿದಿರುತ್ತದೆ. ಮಾರ್ಚ್-ಏಪ್ರಿಲ್ ಸಹ ಆದೀತು, ನಡುವೆ ಖಮ್ಸೀನ್ ಎಂಬ ದೂಳುಗಾಳಿ ಬೀಸಿದರೆ ಒಂದೆರಡು ದಿನ ಕಣ್ಣು ಬಿಡಲಾಗದು.

ಅಪಾಯದ ಮಾತು ಜಾಹೀರಾತಿನಲ್ಲಿ ಇರುವುದಿಲ್ಲ. ಶಾರ್ಕ್ ದಾಳಿಯಲ್ಲಿ 2022ರ ಜುಲೈನಲ್ಲಿ ಸಹ್ಲ್ ಹಶೀಶ್ ಬಳಿ ಇಬ್ಬರು ಮಹಿಳೆಯರು, 2023ರ ಜೂನ್‌ನಲ್ಲಿ ಹುರ್ಗಾದಾದಲ್ಲಿ ಒಬ್ಬ ಯುವಕ ಸತ್ತರು. ಲಕ್ಷಾಂತರ ಜನ ಈಜುವ ಜಾಗದಲ್ಲಿ ಇದು ವಿರಳ, ಆದರೂ ಮುಸ್ಸಂಜೆ ಈಜಬೇಡಿ, ಕೆಂಪು ಬಾವುಟ ಇದ್ದರೆ ವಾದ ಬೇಡ. 2025ರ ಮಾರ್ಚ್‌ನಲ್ಲಿ ಪ್ರವಾಸಿಗರ ಜಲಾಂತರ್ಗಾಮಿಯೊಂದು ಇಲ್ಲಿ ಮುಳುಗಿ ಆರು ಜನ ತೀರಿಕೊಂಡರು. ಹವಳ ನೋಡಬೇಕು, ಒದ್ದೆಯಾಗಬಾರದು ಎಂಬವರಿಗೆ ಗಾಜಿನ ತಳದ ದೋಣಿ ಸಾಕು. ಔಷಧದ ವಿಷಯವೂ ಇದೆ: ಟ್ರಾಮಡಾಲ್ ನೋವಿನ ಮಾತ್ರೆ ಇಲ್ಲಿ ಮಾದಕವಸ್ತುವಿನ ಲೆಕ್ಕ. 2017ರಲ್ಲಿ ಹುರ್ಗಾದಾ ವಿಮಾನ ನಿಲ್ದಾಣದಲ್ಲಿ ಅದರೊಂದಿಗೆ ಸಿಕ್ಕ ಬ್ರಿಟಿಷ್ ಪ್ರವಾಸಿಗೆ ಮೂರು ವರ್ಷ ಜೈಲಾಯಿತು.

‘ಎಲ್ಲ ಸೇರಿ’ ಎಂಬುದರಲ್ಲಿ ಏನು ಸೇರಿಲ್ಲ? ಸಾಮಾನ್ಯವಾಗಿ ತಾಜಾ ಹಣ್ಣಿನ ರಸ, ಎಸ್ಪ್ರೆಸ್ಸೊ, ಆಮದು ಮದ್ಯ, ಹವಳ ನೋಡುವ ಉಪಕರಣ, ಕೆಲವೆಡೆ ರೂಮಿನ ವೈ-ಫೈ. ಬಫೆಯಲ್ಲಿ ಸಸ್ಯಾಹಾರಿಗಳಿಗೆ ಕೊರತೆ ಇಲ್ಲ, ಬೇಸರ ಇದೆ. ಅನ್ನ, ಸಲಾಡು, ಬೇಯಿಸಿದ ತರಕಾರಿ, ಬ್ರೆಡ್ಡು. ಸೂಪ್ ಮುಟ್ಟುವ ಮುನ್ನ ಕೇಳಿ, ಬೇಳೆ ಸೂಪ್‌ಗೂ ಕೋಳಿಯ ಸಾರು ಹಾಕಿರಬಹುದು. ಮುಲೂಖಿಯಾ ಎಂಬ ಸೊಪ್ಪಿನ ಸಾರಂತೂ ಹೆಚ್ಚಾಗಿ ಮಾಂಸದ ಸಾರಿನಲ್ಲೇ ಆಗುತ್ತದೆ. ಒಂದು ಸಂಜೆ ಹೋಟೆಲ್ ಬಿಟ್ಟು ಹಳೆಯ ಊರು ದಹಾರ್‌ಗೆ ಹೋಗಿ ಕುಶರಿ ತಿನ್ನಿ: ಅನ್ನ, ಕಂದು ಮಸೂರ, ಮ್ಯಾಕರೋನಿ, ಕಡಲೆ, ಮೇಲೆ ಟೊಮೆಟೊ ಗೊಜ್ಜು, ಕರಿದ ಈರುಳ್ಳಿ. ಪಕ್ಕದಲ್ಲಿ ಬೆಳ್ಳುಳ್ಳಿ-ವಿನೆಗರ್ ನೀರು ಮತ್ತು ಶತ್ತಾ ಎಂಬ ಖಾರ ಇಟ್ಟಿರುತ್ತಾರೆ, ಖಾರ ನಿಜವಾಗಿಯೂ ಖಾರವೇ. ಫವಾ ಅವರೆಯನ್ನು ರುಬ್ಬಿ ಕರಿದ ತಾಮಿಯಾ, ಅದನ್ನೇ ಬೇಯಿಸಿದ ಫೂಲ್ ಕೂಡ ಶುದ್ಧ ಸಸ್ಯಾಹಾರ. ‘ಮಿನ್ ಘೇರ್ ಲಹ್ಮಾ’ ಅಂದರೆ ಮಾಂಸ ಬೇಡ. ಅದಕ್ಕಿಂತ ‘ಸಿಯಾಮಿ’ ಎಂದು ಕೇಳುವುದು ಜಾಣತನ. ಕಾಪ್ಟಿಕ್ ಕ್ರೈಸ್ತರ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಮೀನು ಮಾತ್ರ ಕೆಲವು ಉಪವಾಸಗಳಲ್ಲಿ ನಡೆಯುತ್ತದೆ, ಅದನ್ನು ಬೇರೆ ಕೇಳಿ. ನಲ್ಲಿ ನೀರು ಕುಡಿಯಬೇಡಿ.

ರೂಪಾಯಿ ಇಲ್ಲಿ ನಡೆಯುವುದಿಲ್ಲ, ಡಾಲರ್ ಅಥವಾ ಯೂರೋ ತನ್ನಿ. ಭಕ್ಷೀಸಿಗೆ 20, 50 ಪೌಂಡಿನ ನೋಟು ಒಡೆಸಿಟ್ಟುಕೊಳ್ಳಿ. ಯೂರೋ ನಾಣ್ಯ ಕೊಡಬೇಡಿ, ಬ್ಯಾಂಕಿನಲ್ಲಿ ನಾಣ್ಯ ಬದಲಾಗುವುದಿಲ್ಲ, ರೂಮ್ ಹುಡುಗರು ಅವನ್ನು ಹಿಡಿದು ನೋಟು ಕೊಡುವವರನ್ನು ಹುಡುಕುತ್ತಿರುತ್ತಾರೆ. ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು. ವೀಸಾ ಖಚಿತವಾಗುವ ಮೊದಲು ಹಣ ವಾಪಸ್ ಬಾರದ ಪ್ಯಾಕೇಜ್‌ಗೆ ಮುಂಗಡ ಕಟ್ಟಬೇಡಿ. ಮುಂಬಯಿಯಿಂದ ಕೈರೋಗೆ ನೇರ ವಿಮಾನವಿದೆ, ಬೆಂಗಳೂರಿನಿಂದ ಗಲ್ಫ್ ಮೂಲಕ ಹೋಗಬೇಕು.

ಕೊನೆಗೆ ಗಿಫ್ತೂನ್ ದ್ವೀಪದ ದೋಣಿ. ಪ್ಯಾಕೇಜಿನಲ್ಲಿ ಇದಕ್ಕೆ ನಮ್ಮ ತಕರಾರಿಲ್ಲ. ಬೆಳಿಗ್ಗೆ ಎಂಟೂವರೆಗೆ ಹೊರಟು, ಎರಡು ಕಡೆ ಹವಳದ ಬಳಿ ನೀರಿಗಿಳಿಸಿ, ದ್ವೀಪದ ಮರಳಲ್ಲಿ ಒಂದೆರಡು ಗಂಟೆ ಬಿಟ್ಟು, ದೋಣಿಯಲ್ಲೇ ಊಟ ಹಾಕಿ ನಾಲ್ಕಕ್ಕೆ ವಾಪಸ್ ತರುತ್ತಾರೆ. ಕೇಳಬೇಕಾದ್ದು ಮೂರು: ದೋಣಿಯಲ್ಲಿ ಎಷ್ಟು ಜನ, ರಾಷ್ಟ್ರೀಯ ಉದ್ಯಾನದ ಶುಲ್ಕ ಸೇರಿದೆಯೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ. ವಾಂತಿ ಬರುವವರು ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲೇ ನುಂಗಿ, ಅಲೆ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಸ್ಕೂಬಾ ಮಾಡುವವರು ಊರಿಗೆ ಹಾರುವ ಮುಂಚೆ 24 ಗಂಟೆ ಬಿಡುವು ಇಟ್ಟುಕೊಳ್ಳಿ. ದೋಣಿಯನ್ನು ಕೊನೆಯ ದಿನಕ್ಕೆ ತಳ್ಳದಿರಲು ಇನ್ನೂ ಒಂದು ಕಾರಣವಿದೆ: ಗಾಳಿ ಜೋರಾದರೆ ಬಂದರನ್ನೇ ಮುಚ್ಚುತ್ತಾರೆ, ಒಂದು ದೋಣಿಯೂ ಹೊರಡುವುದಿಲ್ಲ. ಕಡಲಿಗೆ ಬಂದ ಎರಡನೇ ದಿನಕ್ಕೇ ಬುಕ್ ಮಾಡಿದ್ದರೆ ಮುಂದಕ್ಕೆ ಹಾಕಲು ಜಾಗ ಇರುತ್ತದೆ. ರದ್ದಾದರೆ ಹಣ ವಾಪಸ್ಸೋ ಬರೀ ಬೇರೆ ದಿನವೋ ಎಂಬುದನ್ನು ಅದೇ ರಸೀದಿಯ ಮೇಲೆ ಬರೆಸಿಕೊಳ್ಳಿ.